ವಾಲ್ವ್ ರೇಡಿಯೋದ ಬಹುವಿಭಾಗ ಧಾರಕ: ರಚನೆ, ಕಾರ್ಯ ಮತ್ತು ಬದಲಾವಣೆ

ಪೀಠಿಕೆ

1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಸುಂದರ ನಾಮವು ಆ ಕೇಂದ್ರದೊಡನೆ ಬೆಳೆದುಬಂದುದು ಕನ್ನಡ ನಾಡಿಗೆ ಹೆಮ್ಮೆಯ ಸಂಗತಿ. ಮುಂದೆ 1950ರಲ್ಲಿ ಧಾರವಾಡದಲ್ಲಿಯೂ 1955ರಲ್ಲಿ ಬೆಂಗಳೂರಿನಲ್ಲಿಯೂ ಆಕಾಶವಾಣಿಯ ನಿಲಯಗಳು ಕಾರ್ಯಾರಂಭ ಮಾಡಿದವು. ಆ ದಿನಗಳಲ್ಲಿ ಈ ಪ್ರಸಾರಗಳನ್ನು ಮನೆಮನೆಗೆ ತಲುಪಿಸಿದ ರೇಡಿಯೋಗಳು ವಾಲ್ವುಗಳಿಂದ, ಅಂದರೆ ಗಾಳಿಯನ್ನು ತೆಗೆದ ಗಾಜಿನ ನಳಿಕೆಗಳಿಂದ, ಕೆಲಸ ಮಾಡುತ್ತಿದ್ದವು. ಟ್ರಾನ್ಸಿಸ್ಟರ್ ಬಂದ ಬಳಿಕ ಅವು ಒಂದೊಂದಾಗಿ ಅಟ್ಟವನ್ನು ಸೇರಿದವು.

ಇತ್ತೀಚೆಗೆ ಅಂಥ ರೇಡಿಯೋಗಳನ್ನು ಅಟ್ಟದಿಂದ ಇಳಿಸಿ ದುರಸ್ತಿ ಮಾಡುವ ಆಸಕ್ತಿ ಮತ್ತೆ ಚಿಗುರಿದೆ. ಆದರೆ ಧೂಳನ್ನು ಒರೆಸಿ, ತಂತಿಯನ್ನು ಪ್ಲಗ್ಗಿಗೆ ಜೋಡಿಸಿ, ಒಮ್ಮೆಲೇ ಸ್ವಿಚ್ಚು ಹಾಕುವ ಆತುರದಿಂದ ಅನೇಕ ಒಳ್ಳೆಯ ಯಂತ್ರಗಳು ಆ ಕ್ಷಣದಲ್ಲಿಯೇ ಶಾಶ್ವತವಾಗಿ ಹಾಳಾಗುತ್ತವೆ. ಹಾಗೆ ಹಾಳಾಗಲು ಬಹುಮಟ್ಟಿಗೆ ಕಾರಣವಾಗುವುದು ಚಾಸಿಯ ಮೇಲೆ ನಿಂತಿರುವ ಒಂದು ಅಲ್ಯೂಮಿನಿಯಮ್ ಡಬ್ಬಿ. ಪಠ್ಯಪುಸ್ತಕಗಳಲ್ಲಿ ಅದಕ್ಕೆ ವಿದ್ಯುದ್ಧಾರಕವೆಂದು ಹೆಸರು; ರಿಪೇರಿ ಅಂಗಡಿಯವರು ಅದನ್ನು ಕಂಡೆನ್ಸರ್ ಎನ್ನುತ್ತಾರೆ. ಹೊರಗೆ ಒಂದಾಗಿ ಕಂಡರೂ ಒಳಗೆ ಎರಡು, ಮೂರು ಅಥವಾ ನಾಲ್ಕು ಧಾರಕಗಳನ್ನು ಅಡಗಿಸಿಕೊಂಡಿರುವುದರಿಂದ ಅದು ಬಹುವಿಭಾಗ ಧಾರಕ. ಅದರ ರಚನೆಯೇನು, ಕಾರ್ಯವೇನು, ಅದನ್ನು ಬದಲಿಸುವ ಸರಿಯಾದ ಕ್ರಮ ಯಾವುದು ಎಂಬುದನ್ನು ವಿಚಾರ ಮಾಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಧಾರಕದ ರಚನೆ

ಎರಡು ಲೋಹದ ಹಾಳೆಗಳು. ಅವುಗಳ ನಡುವೆ ವಿದ್ಯುತ್ತನ್ನು ಹರಿಯಗೊಡದ ಒಂದು ಪದರ. ಇದು ಎಲ್ಲ ಧಾರಕಗಳ ಮೂಲಸ್ವರೂಪ. ಹಾಳೆಗಳ ವಿಸ್ತೀರ್ಣ ಹೆಚ್ಚಿದಷ್ಟೂ, ನಡುವಣ ಪದರ ತೆಳುವಾದಷ್ಟೂ ಅದರ ಧಾರಣಶಕ್ತಿ ಹೆಚ್ಚುತ್ತದೆ. ಕಾಗದವನ್ನೋ ಅಭ್ರಕವನ್ನೋ ನಡುವೆ ಇಟ್ಟು ರೇಡಿಯೋಕ್ಕೆ ಬೇಕಾದ ಐವತ್ತು ಮೈಕ್ರೋಫ್ಯಾರಡ್ ಶಕ್ತಿಯನ್ನು ಪಡೆಯಬೇಕೆಂದರೆ ಧಾರಕವು ಬಹಳ ದೊಡ್ಡದಾಗುತ್ತದೆ.

ಈ ತೊಡಕನ್ನು ನಿವಾರಿಸಿದ್ದು ಅಲ್ಯೂಮಿನಿಯಮ್ಮಿನ ಒಂದು ವಿಶೇಷ ಗುಣ. ತಕ್ಕ ದ್ರಾವಣದಲ್ಲಿ ಅಲ್ಯೂಮಿನಿಯಮ್ ಹಾಳೆಯನ್ನು ಧನ ಧ್ರುವವಾಗಿಸಿ ವಿದ್ಯುತ್ತನ್ನು ಹಾಯಿಸಿದರೆ ಅದರ ಮೇಲ್ಮೈಯಲ್ಲಿ ಆಕ್ಸೈಡಿನ ಪೊರೆ ಬೆಳೆಯುತ್ತದೆ. ಈ ಪೊರೆಯು ವಿದ್ಯುತ್ತನ್ನು ತಡೆಯುತ್ತದೆ. ಪ್ರತಿ ವೋಲ್ಟಿಗೆ ಅದರ ದಪ್ಪ ಒಂದು ನ್ಯಾನೋಮೀಟರಿಗಿಂತ ಸ್ವಲ್ಪ ಹೆಚ್ಚು. ಎಂದರೆ ಮುನ್ನೂರು ವೋಲ್ಟುಗಳನ್ನು ತಡೆಯಬಲ್ಲ ಪೊರೆಯು ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳ್ಳಗಿರುತ್ತದೆ! ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕರೋಲ್ ಪೊಲ್ಲಾಕ್ ಎಂಬ ವಿಜ್ಞಾನಿ ಈ ತತ್ತ್ವವನ್ನು ಧಾರಕಕ್ಕೆ ಅಳವಡಿಸಿದನು. ದ್ರಾವಣವನ್ನು ತುಂಬಿದ ಪಾತ್ರೆಯ ಬದಲು, ದ್ರಾವಣದಲ್ಲಿ ನೆನೆಸಿದ ಕಾಗದವನ್ನು ಹಾಳೆಗಳ ನಡುವೆ ಇಟ್ಟು ಸುರುಳಿ ಸುತ್ತುವ ‘ಒಣ’ ವಿಧಾನಕ್ಕೆ 1920ರ ದಶಕದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ರೂಪಕೊಟ್ಟನು. ಹೆಸರಿಗೆ ಒಣದಾದರೂ ಒಳಗಿನ ಕಾಗದ ಒದ್ದೆಯಾಗಿಯೇ ಇರಬೇಕು. ಆ ತೇವ ಆರಿದ ದಿನ ಧಾರಕದ ಆಯುಷ್ಯವೂ ಮುಗಿದಂತೆ.

ಇಲ್ಲಿ ವಿದ್ಯಾರ್ಥಿಗಳು ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಈ ಧಾರಕಕ್ಕೆ ಧನ ಮತ್ತು ಋಣ ಎಂಬ ನಿಶ್ಚಿತ ತುದಿಗಳುಂಟು. ಅದಲು ಬದಲಾಗಿ ಜೋಡಿಸಿದರೆ ಪೊರೆ ನಾಶವಾಗಿ, ಧಾರಕ ಕಾದು, ಒಳಗಿನ ಅನಿಲದ ಒತ್ತಡಕ್ಕೆ ಸಿಡಿಯಬಹುದು. ಎರಡನೆಯದಾಗಿ, ಪೊರೆಯನ್ನು ಕಾಪಾಡುವುದು ಅದಕ್ಕೆ ದೊರೆಯುವ ವೋಲ್ಟೇಜೇ. ವರ್ಷಗಟ್ಟಲೆ ಉಪಯೋಗಿಸದೆ ಇಟ್ಟ ಧಾರಕದಲ್ಲಿ ಪೊರೆ ಕ್ಷೀಣಿಸುತ್ತದೆ. ಆದುದರಿಂದ ದಿನವೂ ಹಾಡುತ್ತಿರುವ ರೇಡಿಯೋಕ್ಕಿಂತ ಮೂವತ್ತು ವರ್ಷ ಅಟ್ಟದ ಮೇಲೆ ಮೌನವಾಗಿದ್ದ ರೇಡಿಯೋ ಹೆಚ್ಚು ಅಪಾಯಕರವಾದುದು.

ಒಂದು ಡಬ್ಬಿ, ಹಲವು ವಿಭಾಗ

ರೇಡಿಯೋದ ವಿವಿಧ ಹಂತಗಳಿಗೆ ಬೇರೆ ಬೇರೆ ಧಾರಕಗಳು ಬೇಕು. ಆದರೆ ಅವುಗಳಲ್ಲಿ ಹೆಚ್ಚಿನವುಗಳ ಋಣ ತುದಿ ಚಾಸಿಗೇ ಸೇರುತ್ತದೆ. ಹಾಗಿದ್ದಲ್ಲಿ ಋಣದ ಹಾಳೆಯನ್ನು ಎಲ್ಲಕ್ಕೂ ಸಾಮಾನ್ಯವಾಗಿಟ್ಟು, ಧನದ ಹಾಳೆಗಳನ್ನು ಮಾತ್ರ ಪ್ರತ್ಯೇಕಿಸಿ, ಒಂದೇ ಡಬ್ಬಿಯಲ್ಲಿ ಏಕೆ ಸುತ್ತಬಾರದು? ಈ ವಿಚಾರದಿಂದ ಹುಟ್ಟಿದ್ದೇ ಬಹುವಿಭಾಗ ಧಾರಕ. ಇದರಿಂದ ಸ್ಥಳವೂ ಉಳಿಯಿತು, ವೆಚ್ಚವೂ ತಗ್ಗಿತು.

ಯುರೋಪಿನ ಮಾದರಿಯ ರೇಡಿಯೋಗಳಲ್ಲಿ 32+32 ಅಥವಾ 50+50 ಮೈಕ್ರೋಫ್ಯಾರಡ್‌ನ ಜೋಡಿ ಧಾರಕಗಳು ಸಾಮಾನ್ಯ. ಅಮೆರಿಕದ ಯಂತ್ರಗಳಲ್ಲಿ ಮೂರು ನಾಲ್ಕು ವಿಭಾಗಗಳ ಡಬ್ಬಿಗಳೂ ಕಂಡುಬರುತ್ತವೆ. ಅವುಗಳ ತಳದಲ್ಲಿ ಪ್ರತಿ ಧನ ತುದಿಯ ಪಕ್ಕದಲ್ಲಿ ಅರ್ಧಚಂದ್ರ, ಚೌಕ, ತ್ರಿಕೋನ ಮುಂತಾದ ಗುರುತುಗಳನ್ನು ಕೊರೆದಿರುತ್ತಾರೆ. ಒಂದು ತುದಿಯನ್ನು ಗುರುತಿಲ್ಲದೆ ಬಿಡುವುದೂ ಉಂಟು. ಯಾವ ಗುರುತಿಗೆ ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟು ಎಂಬ ಪಟ್ಟಿ ಡಬ್ಬಿಯ ಮೈಮೇಲೆಯೇ ಅಚ್ಚಾಗಿರುತ್ತದೆ. ಎಲ್ಲ ವಿಭಾಗಗಳ ವೋಲ್ಟೇಜೂ ಒಂದೇ ಎಂದು ಭಾವಿಸಲಾಗದು. ಮುನ್ನೂರೈವತ್ತು ವೋಲ್ಟಿನ ಎರಡು ವಿಭಾಗಗಳ ಜೊತೆಗೆ ಇಪ್ಪತ್ತೈದು ವೋಲ್ಟಿನ ಒಂದು ಸಣ್ಣ ವಿಭಾಗವನ್ನೂ ಸೇರಿಸಿರುವ ಡಬ್ಬಿಗಳುಂಟು. ಅದು ಧ್ವನಿಯ ವಾಲ್ವಿನ ಕ್ಯಾಥೋಡಿಗೆ ಸಂಬಂಧಿಸಿದುದು.

ಎರಡು ಕೆರೆಗಳ ದೃಷ್ಟಾಂತ

ವಾಲ್ವುಗಳ ಕೆಲಸಕ್ಕೆ ಒಂದೇ ದಿಕ್ಕಿನಲ್ಲಿ ಹರಿಯುವ, ಏರಿಳಿತವಿಲ್ಲದ ವಿದ್ಯುತ್ತು ಬೇಕು. ಮನೆಗೆ ಬರುವುದಾದರೋ ಸೆಕೆಂಡಿಗೆ ಐವತ್ತು ಆವರ್ತಗಳ ಪರ್ಯಾಯ ವಿದ್ಯುತ್ತು. ರೆಕ್ಟಿಫೈಯರ್ ವಾಲ್ವು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆಯಾದರೂ ಅದು ಹೊರಡುವುದು ಸೆಕೆಂಡಿಗೆ ನೂರು ಅಲೆಗಳಾಗಿ. ಈ ಅಲೆಗಳನ್ನು ಶಮನಗೊಳಿಸುವುದೇ ಧಾರಕದ ಕಾರ್ಯ.

ನಮ್ಮ ನಾಡಿನ ಕೆರೆಗಳ ಸರಣಿಯನ್ನು ಇಲ್ಲಿ ನೆನೆಯಬಹುದು. ಮಳೆಯ ನೀರು ರಭಸದಿಂದ ಬಂದು ಬೀಳುವುದು ಮೇಲಿನ ಕೆರೆಗೆ. ಅಲ್ಲಿಂದ ತೂಬಿನ ಮೂಲಕ ಅಳತೆಯಲ್ಲಿ ಹೊರಟ ನೀರು ಕೆಳಗಿನ ಕೆರೆಯನ್ನು ಸೇರುತ್ತದೆ. ಕೆಳಗಿನ ಕೆರೆಯಿಂದ ಗದ್ದೆಗೆ ಹೋಗುವ ಕಾಲುವೆಯಲ್ಲಿ ರಭಸವಿರುವುದಿಲ್ಲ. ಜೋಡಿ ಧಾರಕದ ಮೊದಲ ವಿಭಾಗವು ಮೇಲಿನ ಕೆರೆ. ಎರಡನೆಯದು ಕೆಳಗಿನ ಕೆರೆ. ನಡುವಣ ರೋಧಕವೋ ಚೋಕ್ ಸುರುಳಿಯೋ ತೂಬು.

ಒಂದು ಸ್ಥೂಲ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಇಸಿಎಚ್ 81, ಇಬಿಎಫ್ 89, ಇಸಿಎಲ್ 82 ಮತ್ತು ಇಝಡ್ 80 ವಾಲ್ವುಗಳುಳ್ಳ ಒಂದು ರೇಡಿಯೋ ಇದೆಯೆಂದು ಊಹಿಸೋಣ. ಅದರ ಬಳಕೆ 60 ಮಿಲಿ ಆಂಪಿಯರ್, ಎರಡು ವಿಭಾಗಗಳೂ 50 ಮೈಕ್ರೋಫ್ಯಾರಡ್, ನಡುವಣ ರೋಧಕ 1200 ಓಮ್ ಎಂದಿರಲಿ. ಪ್ರವಾಹವನ್ನು ಅಲೆಗಳ ಸಂಖ್ಯೆಯಿಂದಲೂ ಧಾರಣಶಕ್ತಿಯಿಂದಲೂ ಭಾಗಿಸಿದರೆ ಮೊದಲ ವಿಭಾಗದ ಮೇಲೆ ಉಳಿಯುವ ಅಲೆಯ ಎತ್ತರ ಸುಮಾರು 12 ವೋಲ್ಟು ಎಂದು ತಿಳಿಯುತ್ತದೆ. ನೂರು ಆವರ್ತಗಳ ಅಲೆಗೆ 50 ಮೈಕ್ರೋಫ್ಯಾರಡ್ ಒಡ್ಡುವ ತಡೆ ಸುಮಾರು 32 ಓಮ್. ಇದು 1200 ಓಮಿನ ಸುಮಾರು ಮೂವತ್ತೆಂಟನೆಯ ಒಂದು ಭಾಗ. ಆದುದರಿಂದ ಎರಡನೆಯ ವಿಭಾಗದ ಮೇಲೆ ಉಳಿಯುವ ಅಲೆ ಸುಮಾರು 0.3 ವೋಲ್ಟು ಮಾತ್ರ.

ಇನ್ನು ಧಾರಕಕ್ಕೆ ಮುಪ್ಪು ಬಂದು ಎರಡೂ ವಿಭಾಗಗಳ ಶಕ್ತಿ ಹತ್ತು ಮೈಕ್ರೋಫ್ಯಾರಡ್‌ಗೆ ಇಳಿಯಿತೆನ್ನೋಣ. ಇದೇ ಲೆಕ್ಕದಂತೆ ಮೊದಲ ವಿಭಾಗದ ಅಲೆ ಐದು ಪಟ್ಟು ಹೆಚ್ಚಿ 60 ವೋಲ್ಟಾಗುತ್ತದೆ. ಎರಡನೆಯದರ ಶಮನಶಕ್ತಿಯೂ ಐದು ಪಟ್ಟು ಕುಗ್ಗುವುದರಿಂದ ಉಳಿಯುವ ಅಲೆ ಸುಮಾರು 8 ವೋಲ್ಟು. ಧಾರಣಶಕ್ತಿ ಐದರಲ್ಲೊಂದು ಭಾಗವಾದರೆ ಗುಂಯ್ ಎಂಬ ಶಬ್ದ ಇಪ್ಪತ್ತೈದು ಪಟ್ಟು ಹೆಚ್ಚುತ್ತದೆ! ಹಳೆಯ ರೇಡಿಯೋಗಳಲ್ಲಿ ವಾರ್ತೆಗಿಂತ ಗುಂಯ್‌ಗುಟ್ಟುವಿಕೆಯೇ ಮುಂದಾಗಿ ಕೇಳುವುದಕ್ಕೆ ಇದೇ ಕಾರಣ.

ಕೆಡುವ ಬಗೆ

ಬಹುವಿಭಾಗ ಧಾರಕವು ಮೂರು ರೀತಿಯಲ್ಲಿ ಕೆಡುತ್ತದೆ.

1. ಒಣಗುವುದು: ತೇವ ಆರಿ ಧಾರಣಶಕ್ತಿ ಕುಗ್ಗುತ್ತದೆ. ಪರಿಣಾಮವಾಗಿ ಗುಂಯ್ ಶಬ್ದ ಹೆಚ್ಚುತ್ತದೆ, ಧ್ವನಿ ಕ್ಷೀಣವಾಗುತ್ತದೆ.

2. ಸೋರುವುದು: ಪೊರೆ ದುರ್ಬಲವಾಗಿ ವಿದ್ಯುತ್ತು ಧಾರಕದ ಮೂಲಕವೇ ಹರಿಯತೊಡಗುತ್ತದೆ. 300 ವೋಲ್ಟಿನಲ್ಲಿ ಕೇವಲ 20 ಮಿಲಿ ಆಂಪಿಯರ್ ಸೋರಿದರೂ ಡಬ್ಬಿಯೊಳಗೆ 6 ವ್ಯಾಟ್ ಶಾಖ ಹುಟ್ಟುತ್ತದೆ. ಶಾಖದಿಂದ ಸೋರಿಕೆ ಮತ್ತಷ್ಟು ಹೆಚ್ಚುತ್ತದೆ. ಸೋರಿಕೆಯಿಂದ ಶಾಖ ಇನ್ನಷ್ಟು ಏರುತ್ತದೆ. ಕೊನೆಗೆ ಧನ ಋಣಗಳು ಒಂದಾಗಿಬಿಡುತ್ತವೆ. ಆಗ ರೆಕ್ಟಿಫೈಯರ್ ವಾಲ್ವು ನಾಶವಾಗುತ್ತದೆ. ಎಚ್ಚರಿಸುವ ಫ್ಯೂಸಿಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಧಾರಕವನ್ನು ಇಂದಿಗೂ ಅಂಗಡಿಯಲ್ಲಿ ಕೊಳ್ಳಬಹುದು. ಆದರೆ ಆ ರೇಡಿಯೋಕ್ಕೆಂದೇ ಸುತ್ತಿದ ಟ್ರಾನ್ಸ್‌ಫಾರ್ಮರನ್ನು ಕೊಳ್ಳಲಾಗದು. ಅಲ್ಪಬೆಲೆಯ ಅಂಗವೊಂದರ ಉಪೇಕ್ಷೆಯಿಂದ ಅಮೂಲ್ಯವಾದ ಅಂಗವನ್ನು ಕಳೆದುಕೊಳ್ಳುವುದು ಇಲ್ಲಿಯೇ.

3. ವಿಭಾಗಗಳು ಪರಸ್ಪರ ಬೆರೆಯುವುದು: ಇದು ಬಹುವಿಭಾಗ ಧಾರಕದ ವಿಶಿಷ್ಟ ದೋಷ. ಸಾಮಾನ್ಯವಾದ ಋಣ ಮಾರ್ಗದಲ್ಲಿ ರೋಧ ಹೆಚ್ಚಿದಾಗ ಒಂದು ಹಂತದ ಧ್ವನಿಸಂಕೇತವು ಇನ್ನೊಂದು ಹಂತಕ್ಕೆ ನುಸುಳುತ್ತದೆ. ಆಗ ಧ್ವನಿಪೆಟ್ಟಿಗೆಯಿಂದ ದೋಣಿಯ ಯಂತ್ರದಂತೆ ‘ಪಟಪಟ’ ಎಂಬ ಸದ್ದೋ ಕಿರುಚು ದನಿಯೋ ಹೊರಡುತ್ತದೆ. ಇದರ ಮೂಲವನ್ನು ವಾಲ್ವುಗಳಲ್ಲಿ ಹುಡುಕಿ ಕಾಲಹರಣ ಮಾಡುವವರು ಅನೇಕರು.

ಒಂದು ವಿಭಾಗ ಕೆಟ್ಟಿದ್ದರೆ ಉಳಿದವೂ ಅದೇ ವಯಸ್ಸಿನವು, ಅದೇ ಶಾಖವನ್ನು ಉಂಡವು ಎಂಬುದನ್ನು ಮರೆಯಲಾಗದು. ಆದುದರಿಂದ ಎಲ್ಲ ವಿಭಾಗಗಳನ್ನೂ ಒಟ್ಟಿಗೆ ಬದಲಿಸುವುದೇ ವಿಹಿತ.

ಕೆಲಸಕ್ಕೆ ಮುನ್ನ

ಈ ಕೆಲಸದಲ್ಲಿ ಪ್ರಾಣಾಪಾಯವಿದೆ. ವಿದ್ಯಾರ್ಥಿಗಳು ಅನುಭವಿಗಳಾದ ಹಿರಿಯರ ಸಮಕ್ಷಮದಲ್ಲಿ ಹೊರತು ಒಂಟಿಯಾಗಿ ಇದಕ್ಕೆ ಕೈಹಾಕಬಾರದು.

ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮಾತ್ರಕ್ಕೆ ರೇಡಿಯೋ ನಿರಪಾಯವಾಗುವುದಿಲ್ಲ. ಕೆರೆಗೆ ಬರುವ ಹಳ್ಳ ಬತ್ತಿದರೂ ಕೆರೆಯ ನೀರು ಉಳಿದಿರುವಂತೆ, ಧಾರಕದಲ್ಲಿ ವಿದ್ಯುತ್ತು ಉಳಿದಿರುತ್ತದೆ. 300 ವೋಲ್ಟಿಗೆ ತುಂಬಿದ 50+50 ಮೈಕ್ರೋಫ್ಯಾರಡ್‌ನ ಧಾರಕದಲ್ಲಿ 4.5 ಜೌಲ್ ಶಕ್ತಿ ಅಡಗಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಒಮ್ಮೆಲೇ ತಾಗಿಸಿ ಬರಿದುಮಾಡುವುದು ಅಂಗಡಿಗಳಲ್ಲಿ ಕಂಡುಬರುವ ಕೆಟ್ಟ ರೂಢಿ. ಕಿಡಿ ಹಾರಿ ಕಣ್ಣಿಗೂ ಕೈಗೂ ಧಾರಕಕ್ಕೂ ಹಾನಿಯಾದೀತು. ಹತ್ತು ಸಾವಿರ ಓಮಿನ, ಐದು ವ್ಯಾಟಿಗೆ ಕಡಿಮೆಯಿಲ್ಲದ ರೋಧಕಕ್ಕೆ ಅವಾಹಕದ ಹೊದಿಕೆಯುಳ್ಳ ಕ್ಲಿಪ್ಪುಗಳನ್ನು ಜೋಡಿಸಿಟ್ಟುಕೊಂಡು ಅದರ ಮೂಲಕ ಬರಿದುಮಾಡಬೇಕು. ಮೇಲಿನ ಧಾರಕದ ಎರಡು ವಿಭಾಗಗಳೂ ಒಟ್ಟಿಗೆ ಬರಿದಾಗಲು ಸುಮಾರು ಐದು ಸೆಕೆಂಡುಗಳು ಸಾಕು. ಆದರೂ ಪ್ರತಿ ವಿಭಾಗಕ್ಕೂ ಬೇರೆ ಬೇರೆಯಾಗಿ ಕ್ಲಿಪ್ಪು ತಾಗಿಸಿ, ಅನಂತರ ಮೀಟರಿನಿಂದ ಅಳೆದು, ಸೊನ್ನೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕೈಯಿಡಬೇಕು.

ಟ್ರಾನ್ಸ್‌ಫಾರ್ಮರ್ ಇಲ್ಲದ ‘ಏಸಿ-ಡಿಸಿ’ ರೇಡಿಯೋಗಳ ವಿಷಯದಲ್ಲಿ ಎಚ್ಚರಿಕೆ ಇಮ್ಮಡಿಯಾಗಬೇಕು. ಅವುಗಳ ವಾಲ್ವಿನ ಹೆಸರು ಸಾಮಾನ್ಯವಾಗಿ ‘ಯು’ ಅಕ್ಷರದಿಂದ ಆರಂಭವಾಗುತ್ತದೆ. ಅಲ್ಲಿ ಚಾಸಿಯೇ ನೇರವಾಗಿ ಮನೆಯ ವಿದ್ಯುತ್ ತಂತಿಗೆ ಜೋಡಿಸಲ್ಪಟ್ಟಿರುತ್ತದೆ. ಪ್ರತ್ಯೇಕೀಕರಿಸುವ ಟ್ರಾನ್ಸ್‌ಫಾರ್ಮರಿನ ಸಹಾಯವಿಲ್ಲದೆ ಅಂಥ ಯಂತ್ರವನ್ನು ಮೇಜಿನ ಮೇಲೆ ತೆರೆದು ಚಾಲನೆ ಮಾಡತಕ್ಕದ್ದಲ್ಲ.

ಬೆಸುಗೆಯನ್ನು ಬಿಡಿಸುವ ಮುನ್ನ ಯಾವ ತಂತಿ ಯಾವ ತುದಿಗೆ ಸೇರಿದೆಯೆಂಬುದರ ನಕ್ಷೆಯನ್ನು ಬರೆದುಕೊಳ್ಳಬೇಕು. ಛಾಯಾಚಿತ್ರವನ್ನೂ ತೆಗೆದುಕೊಂಡರೆ ಒಳ್ಳೆಯದು. ಇಲ್ಲಿ ಒಂದು ಸೂಕ್ಷ್ಮವುಂಟು. ಕೆಲವು ರೇಡಿಯೋಗಳಲ್ಲಿ ಡಬ್ಬಿಯ ಕೆಳಗೆ ಅವಾಹಕ ಬಿಲ್ಲೆಯನ್ನಿಟ್ಟು ಅದನ್ನು ಚಾಸಿಯಿಂದ ಬೇರ್ಪಡಿಸಿರುತ್ತಾರೆ. ಋಣ ತುದಿಯು ಚಾಸಿಗೆ ಸೇರದೆ, ಟ್ರಾನ್ಸ್‌ಫಾರ್ಮರಿನ ನಡುತುದಿಗೆ ಸೇರಿರುತ್ತದೆ. ಆ ನಡುತುದಿಗೂ ಚಾಸಿಗೂ ನಡುವೆ ಒಂದು ಸಣ್ಣ ರೋಧಕವಿದ್ದು, ಅದರಿಂದ ವಾಲ್ವುಗಳಿಗೆ ಬೇಕಾದ ಋಣ ವೋಲ್ಟೇಜು ದೊರೆಯುತ್ತದೆ. ಇದನ್ನರಿಯದೆ ಹೊಸ ಧಾರಕದ ಋಣವನ್ನು ಚಾಸಿಗೆ ಸೇರಿಸಿದರೆ ಗುಂಯ್ ಶಬ್ದ ನಿಲ್ಲುವುದರ ಬದಲು ಹೆಚ್ಚುತ್ತದೆ. ಋಣವೆಲ್ಲವೂ ಚಾಸಿಯೆಂದು ನಂಬದೆ ತಂತಿಯನ್ನು ಕೊನೆಯವರೆಗೆ ಅನುಸರಿಸಿ ನೋಡುವುದೇ ಸರಿಯಾದ ಅಭ್ಯಾಸ.

ಹೊಸ ಧಾರಕದ ಆಯ್ಕೆ

ಹಳೆಯ ಡಬ್ಬಿಯ ಮೇಲಿನ ಸಂಖ್ಯೆಗಳು ಇಂದಿನ ಅಂಗಡಿಗಳಲ್ಲಿ ಹಾಗೆಯೇ ದೊರೆಯುವುದಿಲ್ಲ. 16ಕ್ಕೆ 22, 32ಕ್ಕೆ 33, 50ಕ್ಕೆ 47 ಮೈಕ್ರೋಫ್ಯಾರಡ್ ಎಂದು ಹತ್ತಿರದ ಸಂಖ್ಯೆಯನ್ನು ಆರಿಸಬಹುದು. ಹಳೆಯ ಧಾರಕಗಳ ನೈಜಶಕ್ತಿಯು ಬರೆದಿದ್ದಕ್ಕಿಂತ ಸಾಕಷ್ಟು ಹೆಚ್ಚು ಕಡಿಮೆಯಾಗಿಯೇ ಇರುತ್ತಿದ್ದುದರಿಂದ ಇಷ್ಟು ವ್ಯತ್ಯಾಸ ಬಾಧಕವಲ್ಲ.

‘ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದು ಮೊದಲ ವಿಭಾಗಕ್ಕೆ ನೂರು ಇನ್ನೂರು ಮೈಕ್ರೋಫ್ಯಾರಡ್ ಹಾಕುವುದು ತಪ್ಪು. ಧಾರಕ ದೊಡ್ಡದಾದಷ್ಟೂ ಅದನ್ನು ತುಂಬುವ ಪ್ರವಾಹವು ಪ್ರತಿ ಅಲೆಯ ಶಿಖರದಲ್ಲಿ ಕ್ಷಣಕಾಲ ಮಾತ್ರ ಹರಿದು, ಆ ಕ್ಷಣದಲ್ಲಿ ಬಹಳ ಏರುತ್ತದೆ. ರೆಕ್ಟಿಫೈಯರ್ ವಾಲ್ವಿನ ಕ್ಯಾಥೋಡು ಈ ಭಾರವನ್ನು ತಾಳಲಾರದು. ಇಝಡ್ 80 ಮತ್ತು ಇಝಡ್ 81 ವಾಲ್ವುಗಳಿಗೆ ತಯಾರಕರು ವಿಧಿಸಿದ ಮಿತಿ 50 ಮೈಕ್ರೋಫ್ಯಾರಡ್. ಜಿಝಡ್ 34ಕ್ಕೆ 60. ಈ ಮಿತಿಯು ಮೊದಲ ವಿಭಾಗಕ್ಕೆ ಸಂಬಂಧಿಸಿದುದು. ಆದುದರಿಂದಲೇ ಯಾವ ವಿಭಾಗ ಮೊದಲನೆಯದೆಂದು ತಿಳಿಯದೆ ಧಾರಕವನ್ನು ಬದಲಿಸುವಂತಿಲ್ಲ.

ವೋಲ್ಟೇಜಿನ ವಿಷಯ ಬೇರೆ. ಅಲ್ಲಿ ಹೆಚ್ಚಿದ್ದರೆ ಹಾನಿಯಿಲ್ಲ, ಕಡಿಮೆಯಾದರೆ ಅಪಾಯ. ಟ್ರಾನ್ಸ್‌ಫಾರ್ಮರಿನ ಒಂದು ಪಾರ್ಶ್ವ 250 ವೋಲ್ಟಿನದಾದರೆ ಅಲೆಯ ಶಿಖರ ಸುಮಾರು 353 ವೋಲ್ಟು. ವಾಲ್ವುಗಳು ಪ್ರವಾಹವನ್ನು ಎಳೆಯದಿರುವಾಗ ಧಾರಕದ ಮೇಲೆ ಬಹುಮಟ್ಟಿಗೆ ಇಷ್ಟೂ ಬೀಳಬಹುದು. ಯಂತ್ರವನ್ನು 220 ವೋಲ್ಟಿಗೆ ಹೊಂದಿಸಿ, ಮನೆಯಲ್ಲಿ 240 ವೋಲ್ಟು ಬರುತ್ತಿದ್ದರೆ ಆ ಶಿಖರ 385ಕ್ಕೆ ಏರುತ್ತದೆ. 350 ವೋಲ್ಟಿನ ಹಳೆಯ ಧಾರಕ ಏಕೆ ನರಳುತ್ತಿತ್ತೆಂಬುದು ಇದರಿಂದ ವಿದಿತವಾಗುತ್ತದೆ. 450 ವೋಲ್ಟಿನ, 105 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಾಳುವ ಧಾರಕವು ಇಂಥಲ್ಲಿ ಯೋಗ್ಯ. ಹಿಂಬದಿಯ ವೋಲ್ಟೇಜ್ ಆಯ್ಕೆಯ ಬಿಲ್ಲೆಯನ್ನು 240 ಅಥವಾ 245ರ ಸ್ಥಾನಕ್ಕೆ ತಿರುಗಿಸುವುದೂ ಅಗತ್ಯ.

ಬದಲಾವಣೆಯ ಮೂರು ಮಾರ್ಗಗಳು

ಮೊದಲನೆಯ ಮಾರ್ಗ: ಹಳೆಯ ಡಬ್ಬಿಯನ್ನು ಶೋಭೆಗಾಗಿ ಚಾಸಿಯ ಮೇಲೆ ಹಾಗೆಯೇ ಉಳಿಸಿ, ಅದರ ಧನ ತುದಿಗಳ ತಂತಿಗಳನ್ನೆಲ್ಲ ಬಿಡಿಸಿ, ಕೆಳಗಡೆ ಟ್ಯಾಗ್ ಸ್ಟ್ರಿಪ್ಪಿನ ಮೇಲೆ ಹೊಸ ಧಾರಕಗಳನ್ನು ಕೂರಿಸುವುದು. ಇದು ಸುಲಭ, ಅನಂತರ ಬರುವವರು ಬಯಸಿದರೆ ಮೂಲಸ್ಥಿತಿಗೆ ತರಲೂ ಸಾಧ್ಯ. ಹಳೆಯ ತುದಿಗಳನ್ನು ಬಿಡಿಸದೆ ಅವುಗಳ ಮೇಲೆಯೇ ಹೊಸ ಧಾರಕವನ್ನು ಬೆಸೆಯುವ ಪದ್ಧತಿಯೊಂದುಂಟು. ಅದರಿಂದ ಗುಂಯ್ ಶಬ್ದ ತಕ್ಷಣ ನಿಲ್ಲುತ್ತದೆ. ಆದರೆ ಸೋರುವ ಹಳೆಯ ಧಾರಕ ಅಲ್ಲಿಯೇ ಉಳಿದು ಮುಂದೊಂದು ದಿನ ಟ್ರಾನ್ಸ್‌ಫಾರ್ಮರನ್ನು ಬಲಿ ತೆಗೆದುಕೊಳ್ಳುತ್ತದೆ. ರೋಗವನ್ನು ಉಳಿಸಿ ನೋವನ್ನು ಮಾತ್ರ ಮರೆಮಾಡುವ ಈ ಚಿಕಿತ್ಸೆ ಸರ್ವಥಾ ವರ್ಜ್ಯ.

ಎರಡನೆಯ ಮಾರ್ಗ: ಡಬ್ಬಿಯನ್ನು ಕಳಚಿ, ತಳದ ಹತ್ತಿರ ನಯವಾಗಿ ಕೊಯ್ದು, ಒಳಗಿನ ಸುರುಳಿಯನ್ನು ತೆಗೆದು, ಹೊಸ ಧಾರಕಗಳನ್ನು ಅದರೊಳಗೇ ಇಡುವುದು. ಇಂದಿನ ಧಾರಕಗಳು ಗಾತ್ರದಲ್ಲಿ ಬಹಳ ಚಿಕ್ಕವಾದುದರಿಂದ ಎರಡು ಮೂರು ಸುಲಭವಾಗಿ ಹಿಡಿಸುತ್ತವೆ. ಒಳಗಿನ ಅಲ್ಯೂಮಿನಿಯಮ್ ಪಟ್ಟಿಗಳಿಗೆ ಸಾಮಾನ್ಯ ಬೆಸುಗೆ ಅಂಟುವುದಿಲ್ಲ. ಆದುದರಿಂದ ತಳದಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಅವಾಹಕ ಕೊಳವೆ ತೊಡಿಸಿದ ತಂತಿಗಳನ್ನು ಹೊರತರಬೇಕು. ಒಳಗಿನ ರಾಸಾಯನಿಕವು ಚರ್ಮಕ್ಕೆ ತಾಗದಂತೆ ಕೈಗವಸು ಧರಿಸಬೇಕು. ಅನಿಲ ಹೊರಹೋಗಲು ಒಂದು ಕಿರುರಂಧ್ರವನ್ನು ಬಿಡಬೇಕು. ಈ ಮಾರ್ಗದಲ್ಲಿ ಯಂತ್ರದ ಹೊರರೂಪ ಕಿಂಚಿತ್ತೂ ಕೆಡುವುದಿಲ್ಲ; ಶ್ರಮ ಮಾತ್ರ ಹೆಚ್ಚು.

ಮೂರನೆಯ ಮಾರ್ಗ: ಹೊಸದಾಗಿ ತಯಾರಾದ ಬಹುವಿಭಾಗ ಧಾರಕವನ್ನೇ ತಂದು ಹಾಕುವುದು. ಸ್ಲೊವಾಕಿಯದ ಜೆಜೆ ಎಲೆಕ್ಟ್ರಾನಿಕ್ ಮುಂತಾದ ಕೆಲವೇ ತಯಾರಕರು ಇವನ್ನು ಇಂದಿಗೂ ತಯಾರಿಸುತ್ತಾರೆ. ಬೆಲೆ ಹೆಚ್ಚು. ಡಬ್ಬಿಯ ವ್ಯಾಸವೂ ತಳದ ಕಾಲುಗಳೂ ಹಳೆಯದಕ್ಕೆ ಹೊಂದುವುವೇ ಎಂದು ಮೊದಲೇ ಅಳೆದು ನೋಡಬೇಕು. ಆದರೆ ಹಳೆಯ ದಾಸ್ತಾನಿನಲ್ಲಿ ಉಪಯೋಗವಾಗದೆ ಉಳಿದ ‘ಹೊಸ’ ಧಾರಕವನ್ನು ನಂಬಬಾರದು. ಉಪಯೋಗಿಸದಿದ್ದರೂ ಅದಕ್ಕೆ ವಯಸ್ಸಾಗಿದೆ.

ಯಾವ ಮಾರ್ಗವನ್ನು ಹಿಡಿದರೂ ಕೆಲವು ನಿಯಮಗಳು ಸಮಾನ. ಅಮೆರಿಕದ ಡಬ್ಬಿಗಳಲ್ಲಿ ತಿರುಚಿದ ಕಾಲುಗಳಿಗೆ ಬೇರೆ ಭಾಗಗಳ ಋಣ ತಂತಿಗಳನ್ನೂ ಬೆಸೆದಿರುತ್ತಾರೆ. ಡಬ್ಬಿಯನ್ನು ತೆಗೆದಾಗ ಅವು ಅನಾಥವಾಗದಂತೆ ನೋಡಿಕೊಳ್ಳಬೇಕು. ಮೊದಲ ವಿಭಾಗದ ಋಣ ತಂತಿಯನ್ನು ಹಳೆಯ ಜಾಗದಲ್ಲಿಯೇ, ಟ್ರಾನ್ಸ್‌ಫಾರ್ಮರಿನ ನಡುತುದಿಗೆ ಸಮೀಪವಾಗಿ ಸೇರಿಸಬೇಕು. ಹೊಸ ಧಾರಕಗಳನ್ನು ಬಿಸಿಯಾಗುವ ರೋಧಕಗಳಿಂದ ದೂರವಿಡಬೇಕು. ಹತ್ತು ಡಿಗ್ರಿ ಶಾಖ ಹೆಚ್ಚಿದರೆ ಇಂಥ ಧಾರಕದ ಆಯುಷ್ಯ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ.

ನಾಲ್ಕು ವಿಭಾಗಗಳ ಒಂದು ನಿದರ್ಶನ

ಈ ತತ್ತ್ವಗಳೆಲ್ಲ ಒಟ್ಟಾಗಿ ಕಾಣುವ ಪ್ರಸಿದ್ಧ ಯಂತ್ರವೊಂದು ಅಮೆರಿಕದ ಡೈನಾಕೋ ಸಂಸ್ಥೆಯ ‘ಸ್ಟೀರಿಯೋ 70’ ಎಂಬ ಧ್ವನಿವರ್ಧಕ. 1959ರಲ್ಲಿ ಹೊರಬಂದ ಇದನ್ನು ಬಿಡಿಭಾಗಗಳಾಗಿ ಕೊಂಡು ಮನೆಯಲ್ಲಿಯೇ ಜೋಡಿಸಿಕೊಂಡವರು ಅಸಂಖ್ಯ. ಅದರಲ್ಲಿ ನಾಲ್ಕು ಇಎಲ್ 34 ವಾಲ್ವುಗಳೂ ಒಂದು ಜಿಝಡ್ 34 ರೆಕ್ಟಿಫೈಯರೂ ಇವೆ. ವಿದ್ಯುತ್ತನ್ನು ಶಮನಗೊಳಿಸಲು 30+20+20+20 ಮೈಕ್ರೋಫ್ಯಾರಡ್‌ನ, 525 ವೋಲ್ಟಿನ ಒಂದೇ ಡಬ್ಬಿ. ಚೋಕ್ ಸುರುಳಿಯ ಮುಂದೆ ಒಂದು, ಹಿಂದೆ ಒಂದು, ಅಲ್ಲಿಂದ ರೋಧಕಗಳ ಮೂಲಕ ಇನ್ನೆರಡು. ಹೀಗೆ ನಾಲ್ಕು ಕೆರೆಗಳ ಸರಣಿ. ಅರ್ಧ ಶತಮಾನದ ಮೇಲೆ ಈ ಯಂತ್ರವನ್ನು ದುರಸ್ತಿ ಮಾಡುವವರು ಮೊದಲು ಸಂಶಯಪಡುವುದು ಈ ಡಬ್ಬಿಯನ್ನೇ. ಅದನ್ನು ಬದಲಿಸುವಾಗ ಹಿಂದಿನ ಮೂರು ವಿಭಾಗಗಳ ಶಕ್ತಿಯನ್ನು ಸ್ವಲ್ಪ ಹೆಚ್ಚಿಸಿದರೂ ಹಾನಿಯಿಲ್ಲ. ಮೊದಲನೆಯದು ಮಾತ್ರ ಜಿಝಡ್ 34ರ ಮಿತಿಯಾದ ಅರವತ್ತನ್ನು ಮೀರಕೂಡದು. ಚಿಕ್ಕ ರೇಡಿಯೋಕ್ಕೂ ದೊಡ್ಡ ಧ್ವನಿವರ್ಧಕಕ್ಕೂ ನಿಯಮ ಒಂದೇ.

ಪ್ರಥಮ ಪರೀಕ್ಷೆ

ಬದಲಾವಣೆ ಮುಗಿದ ಮೇಲೆ ಧನ ಋಣಗಳನ್ನು ನಕ್ಷೆಯೊಡನೆ ಎರಡು ಬಾರಿ ತಾಳೆನೋಡಬೇಕು. ಧ್ವನಿವಾಲ್ವಿನ ಗ್ರಿಡ್ಡಿಗೆ ಸಂಕೇತವನ್ನು ಒಯ್ಯುವ ಹಳೆಯ ಕಾಗದದ ಧಾರಕವನ್ನೂ ಇದೇ ಸಂದರ್ಭದಲ್ಲಿ ಬದಲಿಸುವುದು ಉಚಿತ. ಅದು ಸೋರಿದರೆ ಧ್ವನಿವಾಲ್ವು ಮಿತಿಮೀರಿ ಪ್ರವಾಹವನ್ನೆಳೆದು ಹೊಸ ಧಾರಕಕ್ಕೂ ಟ್ರಾನ್ಸ್‌ಫಾರ್ಮರಿಗೂ ಭಾರವಾಗುತ್ತದೆ. ಟ್ರಾನ್ಸ್‌ಫಾರ್ಮರಿನ ನಡುತುದಿಯ ತಂತಿಯಲ್ಲಿ ಯಂತ್ರದ ಬಳಕೆಗೆ ತಕ್ಕ ಒಂದು ಸಣ್ಣ ಫ್ಯೂಸನ್ನು ಸೇರಿಸಿದರೆ ಮುಂದಿನ ಕಾಲಕ್ಕೂ ರಕ್ಷಣೆ ದೊರೆತಂತಾಯಿತು.

ಮೊದಲ ಬಾರಿ ವಿದ್ಯುತ್ತು ಕೊಡುವಾಗ 60 ವ್ಯಾಟಿನ ತಂತುವುಳ್ಳ ಹಳೆಯ ರೀತಿಯ ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಬೇಕು. ರಿಪೇರಿಯವರು ಇದನ್ನು ಸೀರೀಸ್ ಲ್ಯಾಂಪ್ ಎನ್ನುತ್ತಾರೆ. ಎಲ್ಇಡಿ ದೀಪ ಇದಕ್ಕೆ ಆಗದು. ಬಲ್ಬು ಮೊದಲು ಪ್ರಕಾಶಿಸಿ ಅನಂತರ ಮಂಕಾದರೆ ಶುಭಸೂಚನೆ. ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಎಲ್ಲಿಯೋ ದೋಷವಿದೆಯೆಂದರ್ಥ. ಕೂಡಲೇ ಸ್ವಿಚ್ಚು ತೆಗೆಯಬೇಕು. ಆಗ ಸುಟ್ಟುಹೋಗಬಹುದಾಗಿದ್ದ ಟ್ರಾನ್ಸ್‌ಫಾರ್ಮರನ್ನು ಆ ಬಲ್ಬು ತನ್ನ ಬೆಳಕಿನಿಂದ ಉಳಿಸಿದಂತೆಯೇ ಸರಿ.

ಉಪಸಂಹಾರ

ದುರಸ್ತಿಯೆಂದರೆ ಕೆಟ್ಟ ಭಾಗವನ್ನು ಕಿತ್ತು ಹೊಸದನ್ನು ಹಾಕುವುದಷ್ಟೇ ಅಲ್ಲ. ಒಂದೇ ಡಬ್ಬಿಯಲ್ಲಿ ನಾಲ್ಕು ಕರ್ತವ್ಯಗಳಿರುವಾಗ ನಾಲ್ಕನ್ನೂ ಪ್ರತ್ಯೇಕವಾಗಿ ಅರಿತವನು ಮಾತ್ರ ಅದನ್ನು ಬದಲಿಸಲು ಅರ್ಹನು. ಯಾವ ವಿಭಾಗ ಮೊದಲನೆಯದು, ಅದರ ಮಿತಿಯೇನು, ಅದರ ಋಣ ಎಲ್ಲಿ ಸೇರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಬೆಸುಗೆಯ ಕಡ್ಡಿಯನ್ನು ಕಾಯಿಸಬೇಕಾಗಿಲ್ಲ.

ಕೆಲಸ ಮುಗಿದ ಮೇಲೆ ಯಾವ ಭಾಗವನ್ನು ಯಾವ ದಿನ ಬದಲಿಸಲಾಯಿತು, ಹಾಕಿದ ಧಾರಕಗಳ ಸಂಖ್ಯೆಗಳೇನು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಬೇಕು. ಹೊಸ ಧಾರಕಕ್ಕೂ ಒಂದು ದಿನ ಮುಪ್ಪು ಬರುತ್ತದೆ. ಅಂದು ಆ ಪೆಟ್ಟಿಗೆಯನ್ನು ತೆರೆಯುವ ಅಪರಿಚಿತನಿಗೆ ಆ ಚೀಟಿ ದಾರಿ ತೋರಿಸುತ್ತದೆ. ಪ್ರಾಯಶಃ ಅವನ ಪ್ರಾಣವನ್ನೂ ಕಾಯುತ್ತದೆ.